ಹೋದ ವರ್ಷ ವಿಜ್ಞಾನ ಕಲಿಸೋದು ಹೇಗೆ ಅಂತ ಗೊತ್ತಿತ್ತು, ಈಗ ಗೊತ್ತಿಲ್ಲ

ಕಡಲೂರ ಹುಡುಗಿ
ಎಲ್ಲರಿಗೂ ನಮಸ್ಕಾರ. ನಾನು ಡಿ.ಎಲ್.ಎಡ್. (ಪ್ರಾಥಮಿಕ ಶಾಲೆಯ ಟೀಚರ್ ಆಗಲು ಓದುವ ಕೋರ್ಸು) ಎರಡನೇ ವರ್ಷದಲ್ಲಿದ್ದೇನೆ. ಊರು ಅಂಕೋಲೆ ಕಡೆ. ಈಗ ಕಾರವಾರದ ಹತ್ತಿರ, ಕಡಲ ಪಕ್ಕದ ಒಂದು ಶಾಲೆಗೆ ಪಾಠದ ಅಭ್ಯಾಸಕ್ಕೆ ಹಾಕಿದ್ದಾರೆ. "ವಿಜ್ಞಾನ ಬೋಧನೆ: ನನ್ನ ನಿಲುವು" ಅಂತ ನಾಲ್ಕು ಪುಟ ಬರೆದು ಕೊಡಬೇಕು. ಮೊದಲ ವರ್ಷವೂ ಇದನ್ನೇ ಬರೆಸಿದ್ದರು. ಆಗ ಒಂದೇ ರಾತ್ರಿಯಲ್ಲಿ ಮುಗಿಸಿದ್ದೆ. ವೈಜ್ಞಾನಿಕ ಮನೋಭಾವ ಬೆಳೆಸುತ್ತೇನೆ, ಕಷ್ಟದ್ದನ್ನು ಸುಲಭ ಮಾಡಿ ಹೇಳುತ್ತೇನೆ, ಆಟ ಆಡಿಸುತ್ತೇನೆ, ಹೀಗೇ. ಹತ್ತಕ್ಕೆ ಒಂಬತ್ತು ಅಂಕ ಬಂತು. ಮೊನ್ನೆ ಆ ಹಾಳೆ ತೆಗೆದು ಓದಿದೆ. ಅದರಲ್ಲಿ ಇಡೀ ಹೊತ್ತು ಮಾತಾಡುವವಳು ನಾನೇ. ಮಕ್ಕಳು ಎಲ್ಲೂ ಬಾಯಿ ಬಿಡುವುದೇ ಇಲ್ಲ.

ಆಗಿದ್ದು ಇಷ್ಟು. ಐದನೇ ತರಗತಿ, ನೀರಿನ ಪಾಠ. ಕಡಲ ಪಕ್ಕದ ಶಾಲೆ ಅಲ್ವಾ, ಉಬ್ಬರ ಇಳಿತವನ್ನೂ ಸೇರಿಸೋಣ ಅಂತ ಚಂದ್ರ, ಭೂಮಿಯ ಚಾರ್ಟ್ ಎಲ್ಲ ಬರೆದುಕೊಂಡು ಹೋದೆ. "ಉಬ್ಬರ ಅಂದರೇನು?" ಅಂತ ಕೇಳಿದರೆ ಎಲ್ಲ ಸುಮ್ಮನೆ. ಮೂರು ಸಲ ಕೇಳಿದೆ. ಕೊನೆಗೆ ಹಿಂದಿನ ಬೆಂಚಿನ ಹುಡುಗ "ಭರತಿಯಾ ಟೀಚರ್?" ಅಂದ. ಆಮೇಲೆ ಇಡೀ ಕ್ಲಾಸ್ ಭರತಿ, ಸುಕ್ತಿ ಅಂತ ಗಲಾಟೆ. ಅವರ ಮನೆಯಲ್ಲಿ ಕೊಂಕಣಿ, ಉಬ್ಬರಕ್ಕೆ ಭರತಿ, ಇಳಿತಕ್ಕೆ ಸುಕ್ತಿ. ಮೂವತ್ತು ಮಕ್ಕಳಿಗೂ ಗೊತ್ತಿದ್ದ ವಿಷಯ ಅದು, ನನ್ನ ಒಂದು ಶಬ್ದದ ಹಿಂದೆ ಅಡಗಿ ಕೂತಿತ್ತು.

ನಾನು ಉತ್ಸಾಹದಲ್ಲಿ "ಸರಿಯಾಗಿ 12 ಗಂಟೆಗೊಮ್ಮೆ ನೀರು ತುಂಬುತ್ತದೆ" ಎಂದೆ. ಅದೇ ಹುಡುಗ ಎದ್ದು ನಿಂತು, ಇಲ್ಲ ಟೀಚರ್, ದಿನಾ ಮುಂದೆ ಹೋಗುತ್ತದೆ, ನಿನ್ನೆ ಬೆಳಿಗ್ಗೆ ಏಳಕ್ಕೆ ತುಂಬಿತ್ತು, ಇವತ್ತು ಎಂಟಾಗುತ್ತ ಬಂದಿತ್ತು, ಅಪ್ಪ ಅಷ್ಟು ಹೊತ್ತು ಕಾದು ದೋಣಿ ನೂಕಿದ ಅಂದ. ನಾನು "ಅದು ಗಾಳಿಗೆ ಹಾಗಾಗಿರಬೇಕು, ಕೂತುಕೋ" ಎಂದುಬಿಟ್ಟೆ. ಅವನು ಕೂತ. ಸಂಜೆ ಬಸ್ಸಿನಲ್ಲಿ ಮೊಬೈಲ್ ತೆಗೆದು ನೋಡಿದರೆ ಅವನೇ ಸರಿ. ಒಂದು ಭರತಿಯಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ದಿನಕ್ಕೆ 50 ನಿಮಿಷ ಮುಂದೆ.

ತಪ್ಪಾಯಿತು ಅಂತ ಕ್ಲಾಸಿನಲ್ಲಿ ಹೇಳಬೇಕಾ? ಅಲ್ಲಿನ ಹಿರಿಯ ಶಿಕ್ಷಕರು, "ಬಿಟ್ಟುಬಿಡು, ಇನ್ನೂ ಕಲಿಯುತ್ತಿರುವವಳು ನೀನು, ಈಗಲೇ ಹೀಗೆಲ್ಲ ಒಪ್ಪಿಕೊಂಡರೆ ಮಕ್ಕಳು ತಲೆ ಮೇಲೆ ಕೂರುತ್ತಾರೆ" ಎನ್ನುತ್ತಾರೆ. ಮತ್ತೆ ಆ ನಾಲ್ಕು ಪುಟದಲ್ಲಿ ಏನು ಬರೆಯಲಿ?

ಪಾಸಾಗ್ಲೇಬೇಕು
ಶಿಕ್ಷಣತಜ್ಞರನ್ನು ಹಾಕಿ: ಪಿಯಾಜೆ ಒಂದು ಪುಟ, ವೈಗೋಟ್‌ಸ್ಕಿ ಒಂದು ಪುಟ, ಬ್ರೂನರ್ ಒಂದು ಪುಟ, ಕೊನೆಗೆ ಎನ್‌ಸಿಎಫ್ 2005 (ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು). ಮುಗೀತು. ಇದರಲ್ಲಿ ತಲೆ ಕೆಡಿಸಿಕೊಳ್ಳುವುದು ಏನಿದೆ? ಟಿಇಟಿಯಲ್ಲಿ (ಶಿಕ್ಷಕರ ಅರ್ಹತಾ ಪರೀಕ್ಷೆ) ನಿಮ್ಮ ನಿಲುವು ಯಾರೂ ಕೇಳಲ್ಲ, ನಾಲ್ಕರಲ್ಲಿ ಒಂದಕ್ಕೆ ಗುರುತು ಹಾಕು ಅಂತಾರೆ ಅಷ್ಟೇ.

ಪಾತಿದೋಣಿ
ಹುಡುಗ ಹೇಳಿದ್ದು ಸರಿ ಇದೆ.

ಬೆಟ್ಟದ ಮೇಷ್ಟ್ರು
ಹೇಳಬೇಕು ತಂಗಿ. ನಾಳೆಯೇ ಹೇಳು, ಹಳಸಲು ಬಿಡಬೇಡ. ನಾನು ಸಿದ್ದಾಪುರ, ಶಿರಸಿ ಕಡೆ 34 ವರ್ಷ ಮೇಷ್ಟ್ರಾಗಿದ್ದವನು. ತಪ್ಪು ಒಪ್ಪಿಕೊಂಡಿದ್ದಕ್ಕೆ ಯಾವ ಮಗುವೂ ನನ್ನ ತಲೆ ಮೇಲೆ ಕೂತಿಲ್ಲ. ಕೂತವರೆಲ್ಲ ಬೇರೆ ಕಾರಣಕ್ಕೆ ಕೂತವರು.

ನನ್ನದೂ ಒಂದು ಕೇಳು. ಮೊದಮೊದಲು ಸಸ್ಯ ಆಹಾರ ತಯಾರಿಸುವ ಪಾಠವನ್ನು ಬಹಳ ಜೋರಾಗಿ ಮಾಡುತ್ತಿದ್ದೆ. ದ್ಯುತಿಸಂಶ್ಲೇಷಣೆ ಅಂತ ಇಡೀ ಕ್ಲಾಸು ತಪ್ಪಿಲ್ಲದೆ ಹೇಳುತ್ತಿತ್ತು. ನಾಲಿಗೆ ತಿರುಗುತ್ತದೆ ಅಂದರೆ ಪಾಠ ತಲುಪಿದೆ ಅಂತ ನನ್ನ ಲೆಕ್ಕ. ಒಂದು ದಿನ ಸುಮ್ನೆ ಅಂಗಳದ ಹಲಸಿನ ಮರ ತೋರಿಸಿ, "ಇದು ಇಷ್ಟು ದಪ್ಪ ಆಯಿತಲ್ಲ, ಆ ಮರದ ಸಾಮಾನು ಎಲ್ಲಿಂದ ಬಂತು?" ಎಂದು ಕೇಳಿದೆ. ಎಲ್ಲರೂ ಒಂದೇ ಬಾಯಲ್ಲಿ "ಮಣ್ಣಿಂದ" ಅಂದರು. ದ್ಯುತಿಸಂಶ್ಲೇಷಣೆಗೆ ಪೂರ್ತಿ ಅಂಕ ತೆಗೆದವರೂ ಅದನ್ನೇ ಅಂದರು. ಅಲ್ಲಿಂದ ನಾನು ಮೊದಲು ಕೇಳಿ ಆಮೇಲೆ ಪಾಠ ಶುರು ಮಾಡುವುದನ್ನು ಕಲಿತೆ. ಮಗುವಿನ ತಲೆ ಖಾಲಿ ಕೊಡ ಅಲ್ಲ, ಅದರಲ್ಲಿ ಆಗಲೇ ಏನೋ ತುಂಬಿದೆ. ಅದು ಏನು ಅಂತ ಬಗ್ಗಿ ನೋಡದೆ ನೀರು ಹಾಕಿದರೆ ಹೊರಗೆ ಚೆಲ್ಲುತ್ತದೆ.

ತೋಟಿಗ
ಮೇಷ್ಟ್ರೇ, ಮರ ಮಣ್ಣಿಂದ ಅಲ್ಲದೆ ಮತ್ತೆ ಎಲ್ಲಿಂದ ಬರುತ್ತದೆ? ಹಾಗಾದರೆ ನಾವು ವರ್ಷಾ ಸೊಪ್ಪು, ಗೊಬ್ಬರ ಹಾಕಿ ಬುಡ ಮಾಡುವುದು ಯಾಕೆ, ಹುಚ್ಚಾ?

ಬೆಟ್ಟದ ಮೇಷ್ಟ್ರು
ನೋಡಿ, ಈ ಪ್ರಶ್ನೆಯನ್ನು ಒಬ್ಬ ಹುಡುಗ ಕ್ಲಾಸಿನಲ್ಲಿ ಕೇಳಿದ್ದರೆ ಅವತ್ತಿನ ಪಾಠ ನಡೆದ ಹಾಗೆ!

17ನೇ ಶತಮಾನದಲ್ಲಿ ವಾನ್ ಹೆಲ್ಮಾಂಟ್ ಅಂತ ಈಗಿನ ಬೆಲ್ಜಿಯಂ ಕಡೆಯ ಒಬ್ಬ ಇದೇ ತಲೆಬಿಸಿ ಮಾಡಿಕೊಂಡ. ದೊಡ್ಡ ಕುಂಡದಲ್ಲಿ ಸುಮಾರು 90 ಕಿಲೋ ಒಣಮಣ್ಣು ತೂಗಿ ಹಾಕಿ ಒಂದು ಗಿಡ ನೆಟ್ಟ. ಐದು ವರ್ಷ ಬರೀ ನೀರು ಹಾಕಿದ. ಗಿಡ 75 ಕಿಲೋ ಹತ್ತಿರ ಹೆಚ್ಚಿತ್ತು. ಮಣ್ಣನ್ನು ಮತ್ತೆ ಒಣಗಿಸಿ ತೂಗಿದರೆ ಕಮ್ಮಿ ಆಗಿದ್ದು ಸುಮಾರು 60 ಗ್ರಾಂ. ಗೊಬ್ಬರ ಅಂದರೆ ಆ 60 ಗ್ರಾಂನ ವ್ಯವಹಾರ. ಅಡುಗೆಗೆ ಉಪ್ಪಿನ ಹಾಗೆ, ಇಲ್ಲದೆ ಆಗದು, ಆದರೆ ಹೊಟ್ಟೆ ತುಂಬುವುದು ಉಪ್ಪಿಂದ ಅಲ್ಲ. ಮಜಾ ಅಂದರೆ ಅವನೂ ತಪ್ಪಿದ. ಮರ ಪೂರ್ತಿ ನೀರಿಂದಲೇ ಆಯಿತು ಅಂದುಕೊಂಡ. ಎಲೆ ಹೀರಿದ ಗಾಳಿಯ ಇಂಗಾಲ ಕೂಡ ಮರವಾಗುತ್ತದೆ ಅಂತ ಅವನಿಗೆ ಹೊಳೆಯಲಿಲ್ಲ. ಇಷ್ಟು ತೂಗಿದವನೇ ತಪ್ಪಿದ ಮೇಲೆ ಒಂದು ಭರತಿ ತಪ್ಪಿದ್ದಕ್ಕೆ ಈ ಹುಡುಗಿ ಯಾಕೆ ಇಷ್ಟು ಬೇಜಾರು ಮಾಡಿಕೊಳ್ಳಬೇಕು?

ಸೀಮೆಸುಣ್ಣ
ಎಲ್ಲ ಸರಿ. ಓದಲು ಚೆನ್ನಾಗಿದೆ. ನಾನು ಘಟ್ಟದ ಮೇಲೆ ಕಾಡಿನ ನಡುವಿನ ಒಂದು ಶಾಲೆಯಲ್ಲಿದ್ದೇನೆ. ಒಂದರಿಂದ ಐದು, 31 ಮಕ್ಕಳು, ಇಬ್ಬರು ಟೀಚರು. ಅದರಲ್ಲಿ ಒಬ್ಬರು ವಾರಕ್ಕೆ ಎರಡು ದಿನವಾದರೂ ತರಬೇತಿ, ಮೀಟಿಂಗು ಅಂತ ಇರುವುದಿಲ್ಲ. ಬಿಸಿಯೂಟ, ಹಾಲು, ಮೊಟ್ಟೆ, ಆನ್‌ಲೈನ್ ಎಂಟ್ರಿ, ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತುವುದು. ಮೂರನೇ ತರಗತಿವರೆಗೆ ನಲಿಕಲಿ ಇದೆ, ಗುಂಪು ಗುಂಪಾಗಿ ಕೂತು ಅವರ ಪಾಡಿಗೆ ಕಾರ್ಡು ನೋಡಿ ಸ್ವಲ್ಪ ಮಾಡಿಕೊಳ್ಳುತ್ತಾರೆ. ನಾಲ್ಕು, ಐದಕ್ಕೆ ಬಂದ ಮೇಲೆ? "ಮಗುವಿನ ತಲೆಯಲ್ಲಿ ಏನಿದೆ ಬಗ್ಗಿ ನೋಡು" ಅಂದರೆ, ಯಾವಾಗ ಬಗ್ಗಲಿ ಸ್ವಾಮಿ?

ಹುಡುಗಿಗೆ ನನ್ನ ಸಲಹೆ: ನಿಲುವು ಗಿಲುವು ಚೆಂದ ಬರಿ, ಅಂಕ ತಗೋ. ಕೆಲಸಕ್ಕೆ ಸೇರಿದ ಆರು ತಿಂಗಳಿಗೆ ಹೊಸ ನಿಲುವು ತಾನಾಗಿಯೇ ಬರುತ್ತದೆ.

ತಂಬುಳಿ
ಸೀಮೆಸುಣ್ಣ ಅವರೇ ಪಾಪ ಅವಳನ್ನು ಈಗಲೇ ಯಾಕೆ ಹೆದರಿಸುತ್ತೀರಿ 😄

ಹೊನ್ನಾವರದವ, ಸದ್ಯ ಬೆಂಗಳೂರು
ನಾನು ಸ್ವಲ್ಪ ಉಲ್ಟಾ ಮಾತಾಡುತ್ತೇನೆ, ಬೈಯಬೇಡಿ. ಮಕ್ಕಳನ್ನೇ ಕೇಳು, ಅವರೇ ಕಂಡುಹಿಡಿಯಲಿ ಅನ್ನುವುದು ಕೇಳಲು ಚೆಂದ. ಆದರೆ ಗುರುತ್ವಾಕರ್ಷಣೆ ಕಂಡುಕೊಳ್ಳಲು ಮನುಷ್ಯರಿಗೆ ಸಾವಿರಾರು ವರ್ಷ ಬೇಕಾಯಿತು, ನಿಮ್ಮ ಐದನೇ ಕ್ಲಾಸು 40 ನಿಮಿಷದ ಪಿರಿಯಡ್‌ನಲ್ಲಿ ಕಂಡುಹಿಡಿಯುತ್ತದಾ? 2006ರಲ್ಲಿ ಕಿರ್ಶ್ನರ್, ಸ್ವೆಲ್ಲರ್, ಕ್ಲಾರ್ಕ್ ಅಂತ ಮೂವರು ಇದರ ಮೇಲೆ ಒಂದು ಲೇಖನ ಬರೆದಿದ್ದರು. ಹೊಸದಾಗಿ ಕಲಿಯುವವರಿಗೆ ದಾರಿ ತೋರಿಸದೆ ಬಿಟ್ಟರೆ ಅವರು ಕಲಿಯುವುದಕ್ಕಿಂತ ಗೊಂದಲವಾಗುವುದೇ ಜಾಸ್ತಿ ಅನ್ನುವುದು ಅದರ ವಾದ. ನನ್ನ ಅಭಿಪ್ರಾಯವೂ ಅದೇ. ಶಾಲೆಯಲ್ಲಿ ನಮಗೆ ಒಬ್ಬರು ಸರ್ ಇದ್ದರು. ಪ್ರಯೋಗ ಗಿಯೋಗ ಏನೂ ಇಲ್ಲ, ಒಂದು ಬೋರ್ಡು, ಒಂದು ಸೀಮೆಸುಣ್ಣ. ಆದರೆ ಅವರು ಹೇಳಿದ್ದು ಇವತ್ತಿಗೂ ತಲೆಯಲ್ಲಿದೆ. ಚೆನ್ನಾಗಿ ವಿವರಿಸುವುದು ತಪ್ಪು ಅಂತ ಯಾವಾಗಿಂದ ಆಯಿತು?

ಬೆಟ್ಟದ ಮೇಷ್ಟ್ರು
ತಪ್ಪು ಅಂತ ನಾನು ಎಲ್ಲಿ ಅಂದೆ? ವಿವರಿಸುವ ಮೊದಲು ಕೇಳು ಅಂದೆ. ಕೇಳಿ ಕೈ ಕಟ್ಟಿ ಕೂರು ಅನ್ನಲಿಲ್ಲ.

ಅಂದಹಾಗೆ ಮಧ್ಯಪ್ರದೇಶದ ಹೋಶಂಗಾಬಾದ್‌ನಲ್ಲಿ 1972ರಲ್ಲಿ 16 ಸರ್ಕಾರಿ ಶಾಲೆಗಳಲ್ಲಿ ಈ ಕೆಲಸ ಶುರು ಮಾಡಿದ್ದರು. ಮಕ್ಕಳು ಕೈಯಾರೆ ಪ್ರಯೋಗ ಮಾಡುವುದು, ಬಂದ ಲೆಕ್ಕವನ್ನು ಬೋರ್ಡಿನ ಮೇಲೆ ಹಾಕಿ ಜಗಳವಾಡುವುದು. ಆರು ವರ್ಷದಲ್ಲಿ ಇಡೀ ಜಿಲ್ಲೆಗೆ ಹಬ್ಬಿತು. ಪರೀಕ್ಷೆಗೂ ಪುಸ್ತಕ ತೆಗೆದುಕೊಂಡು ಹೋಗಬಹುದಿತ್ತು. ಅಲ್ಲೂ ಮೇಷ್ಟ್ರು ಸುಮ್ಮನೆ ಕೂತಿರಲಿಲ್ಲ, ಅವರಿಗೇ ಜಾಸ್ತಿ ತಯಾರಿ ಬೇಕಿತ್ತು. 2002ರಲ್ಲಿ ಸರ್ಕಾರ ನಿಲ್ಲಿಸಿತು, ಅದು ಬೇರೆ ಕಥೆ. ನಿಮ್ಮ ಬೋರ್ಡಿನ ಸರ್ ಬಗ್ಗೆ ಒಂದೇ ಪ್ರಶ್ನೆ. ನಿಮಗೆ ನೆನಪಿದೆ, ಸರಿ. ನಿಮ್ಮ ಪಕ್ಕ ಕೂತಿದ್ದವನಿಗೆ?

ಹೊನ್ನಾವರದವ, ಸದ್ಯ ಬೆಂಗಳೂರು
ಪಕ್ಕ ಕೂತಿದ್ದವನಿಗೆ ಈಗ ಎರಡು ಬೋಟು ಇವೆ ಸರ್. ನನಗೆ ಇಎಂಐ ಇದೆ.

ಪಾತಿದೋಣಿ
ಎರಡು ಬೋಟು ಅಂದರೆ ಎರಡು ಸಾಲ. ಅವನನ್ನೇ ಕೇಳಿ ನೋಡಿ.

ತೋಟಿಗ
ಗಾಳಿಯಿಂದ ಮರ ಅನ್ನುವುದು ಇನ್ನೂ ನನಗೆ ಪೂರ್ತಿ ಇಳಿಯಲಿಲ್ಲ, ಇರಲಿ. ನಂದೂ ಒಂದು ಹೇಳುತ್ತೇನೆ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗಕ್ಕೆ ಬೋರ್ಡೋ ಹೊಡೆಯುತ್ತೇವಲ್ಲ. ಮೈಲುತುತ್ತ (ತಾಮ್ರದ ಸಲ್ಫೇಟ್) ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು 100 ಲೀಟರ್. ಬೇರೆ ಬೇರೆ ಕರಗಿಸಿ ಆಮೇಲೆ ಕೂಡಿಸಬೇಕು. ಹದ ಆಯಿತಾ ಅಂತ ನೋಡಲು ಅಪ್ಪ ಉಜ್ಜಿದ ಕತ್ತಿ ಅದ್ದುತ್ತಿದ್ದರು. ಕತ್ತಿಗೆ ಕೆಂಪು ಹಿಡಿದರೆ ಸುಣ್ಣ ಕಮ್ಮಿ, ಇನ್ನೂ ಹಾಕು. ನಾನು ಇಪ್ಪತ್ತು ವರ್ಷ ಹಾಗೇ ಮಾಡಿದೆ. ಕತ್ತಿ ಯಾಕೆ ಕೆಂಪಾಗುತ್ತದೆ ಅಂತ ಒಂದು ದಿನವೂ ಯೋಚಿಸಲಿಲ್ಲ. ಮಗಳು ಹೈಸ್ಕೂಲಿಗೆ ಹೋದ ಮೇಲೆ ಹೇಳಿದಳು, ಅಪ್ಪಾ ಅದು ತಾಮ್ರ, ಕಬ್ಬಿಣ ಕರಗಿ ತಾಮ್ರ ಅದರ ಮೇಲೆ ಕೂತುಕೊಳ್ಳುತ್ತದೆ ಅಂತ. ಅವಳ ಪುಸ್ತಕದಲ್ಲಿ ಗಾಜಿನ ನಳಿಕೆ, ಕಬ್ಬಿಣದ ಮೊಳೆ ಇತ್ತು. ನಮ್ಮ ಕೊಟ್ಟಿಗೆಯ ಡ್ರಮ್ಮೂ ಅದೇ ಅಂತ ಅವಳ ಟೀಚರ್ ಹೇಳಿರಲಿಲ್ಲ. ಅವಳೇ ಜೋಡಿಸಿಕೊಂಡಳು.

ಬೆಟ್ಟದ ಮೇಷ್ಟ್ರು
ಭೇಷ್. ಆ ಬೋರ್ಡೋ ಕಥೆಯೂ ಸ್ವಾರಸ್ಯ. ಫ್ರಾನ್ಸಿನ ಬೋರ್ಡೋ ಕಡೆ ದಾರಿ ಪಕ್ಕದ ದ್ರಾಕ್ಷಿ ಕದಿಯುವವರನ್ನು ಹೆದರಿಸಲು ಈ ನೀಲಿ ಗೊಜ್ಜು ಬಳಿಯುತ್ತಿದ್ದರು. ಬಳಿದ ಬಳ್ಳಿಗೆ ರೋಗ ಇಲ್ಲ ಅಂತ ಮಿಲಾರ್ಡೆ ಅನ್ನುವ ಸಸ್ಯಶಾಸ್ತ್ರಜ್ಞ ಗಮನಿಸಿದ. 1880ರ ದಶಕದ ಮಾತು. ನಮ್ಮ ಕೊಳೆರೋಗಕ್ಕೆ ಅದನ್ನು ಹೊಂದಿಸಿದ್ದು ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್ಮನ್, 1910ರ ಸುಮಾರಿಗೆ.

ಸೀಮೆಸುಣ್ಣ
ಮೈಲುತುತ್ತ ವಿಷ. ಸಣ್ಣ ಮಕ್ಕಳ ಕೈಗೆ ಕೊಡುವ ಮಾತು ಯಾರೂ ಆಡಬೇಡಿ. ಟೀಚರ್ ಮಾಡಿ ತೋರಿಸಬಹುದು, ಅದೂ ದೂರದಿಂದ. ಪ್ರಾಥಮಿಕಕ್ಕೆ ಅರಿಶಿನ, ಸುಣ್ಣ ಸಾಕು. ಆರತಿ ತಟ್ಟೆಯ ಓಕುಳಿ ಯಾಕೆ ಕೆಂಪಾಯಿತು ಅಂತ ಕೇಳಿ, ಆಮೇಲೆ ಲಿಂಬೆರಸ ಹಿಂಡಿಸಿ. ಮತ್ತೆ ಹಳದಿ ಆಗುತ್ತದೆ. ಮಕ್ಕಳು ಕೂಗುವುದು ಪಕ್ಕದ ಮನೆಗೆ ಕೇಳುತ್ತದೆ.

(ಹ್ಞಾಂ, ಟೈಮ್ ಇಲ್ಲ ಅಂದವನೇ ನಾನು. ಇದಕ್ಕೆ ಹತ್ತು ನಿಮಿಷ ಸಾಕು ಅಂತ ಈಗ ಬರೆಯುವಾಗ ಗೊತ್ತಾಯಿತು.)

ಗಜನಿ
ಅಘನಾಶಿನಿ ನದಿ ಪಕ್ಕದ ಶಾಲೆಯಲ್ಲಿ ಏಳು ವರ್ಷ ಇದ್ದೆ. ಕಡಲೂರ ಹುಡುಗಿಗೆ ಭರತಿಯ ಬಗ್ಗೆಯೇ ಒಂದು ಹೇಳಬೇಕು.

ನಮ್ಮಲ್ಲಿ ಕೆಲವು ಮಕ್ಕಳು ತಿಂಗಳಲ್ಲಿ ಎರಡು ಸಲ, ಒಂದಿಷ್ಟು ದಿನ ಬರುತ್ತಿರಲಿಲ್ಲ. ಸೋಮಾರಿಗಳು ಅಂತ ಬೈದೆ. ಮನೆಗೆ ಹೇಳಿ ಕಳಿಸಿದೆ. ಒಮ್ಮೆ ಹಾಜರಿ ಪುಸ್ತಕ ಮುಂದಿಟ್ಟುಕೊಂಡು, ಪಕ್ಕದಲ್ಲಿ ಗೋಡೆಯ ಪಂಚಾಂಗ ನೇತು ಹಾಕಿಕೊಂಡು ನೋಡಿದೆ. ಅವರು ತಪ್ಪಿಸಿಕೊಳ್ಳುವ ದಿನಗಳು ಒಂದೇ ತಿಥಿಗಳ ಸುತ್ತ ಬೀಳುತ್ತಿದ್ದವು. ಹಗಲು ಹೊತ್ತು ನೀರು ಪೂರ್ತಿ ಇಳಿಯುವ ದಿನಗಳು ಅವು. ಅಮ್ಮನ ಜೊತೆ ಬೆಳಚು (ತಿನ್ನುವ ಚಿಪ್ಪಿ) ಹೆಕ್ಕಲು ಹೋಗುತ್ತಿದ್ದರು. ಆ ಮಕ್ಕಳಿಗೆ ಯಾವ ದಿನ ಎಷ್ಟು ಹೊತ್ತಿಗೆ ಎಲ್ಲಿವರೆಗೆ ನೆಲ ಕಾಣುತ್ತದೆ ಅಂತ ಬಾಯಿಪಾಠ. ವಿಜ್ಞಾನದ ಪರೀಕ್ಷೆಯಲ್ಲಿ ಅದೇ ಮಕ್ಕಳಿಗೆ ನಾನು ಮೂರು, ನಾಲ್ಕು ಅಂಕ ಹಾಕುತ್ತಿದ್ದೆ.

ಅದರ ನಂತರ ನಾನೇನು ದೊಡ್ಡ ಕ್ರಾಂತಿ ಮಾಡಲಿಲ್ಲ. ಬೆಳಚಿನ ಚಿಪ್ಪು ತರಿಸಿ ಎಣಿಸಿದೆವು, ಗೆರೆ ನೋಡಿದೆವು. ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡದ ಎಲೆ ನೆಕ್ಕಿ ಉಪ್ಪು ಇದೆಯಾ ನೋಡಿದೆವು. ಕೆಲವು ಜಾತಿಯ ಎಲೆ ಮೇಲೆ ನಿಜವಾಗಿಯೂ ಉಪ್ಪಿನ ಹರಳು ಇರುತ್ತದೆ. ಹಾಜರಿ ಸ್ವಲ್ಪ ಹೆಚ್ಚಿತು, ಜಾಸ್ತಿ ಏನಲ್ಲ. ಬೆಳಚಿಗೆ ದುಡ್ಡು ಸಿಗುತ್ತದೆ, ನನ್ನ ಪಾಠಕ್ಕೆ ಸಿಗಲ್ಲ.

ತಂಬುಳಿ
ಗಜನಿ ಅವರೇ ನಿಮ್ಮ ಕಡೆ ಕಗ್ಗ ಅಕ್ಕಿ ಈಗಲೂ ಸಿಗುತ್ತದಾ? ನಮ್ಮ ಅಜ್ಜಿ ಗಂಜಿಗೆ ಅದೇ ಬೇಕು ಅನ್ನುತ್ತಿದ್ದರು.

ಗಜನಿ
ಸಿಗುತ್ತದೆ, ಆದರೆ ಮೊದಲಿನಷ್ಟು ಅಲ್ಲ. ಉಪ್ಪುನೀರಲ್ಲಿ ನಿಂತು ಬೆಳೆಯುವ ಭತ್ತ ಅದು, ಗೊಬ್ಬರವೂ ಬೇಡ. ಕಟ್ಟೆ ಒಡೆದರೆ, ಸೀಗಡಿಗೆ ಗದ್ದೆ ಕೊಟ್ಟರೆ ಮುಗಿಯಿತು.

ಪಾಸಾಗ್ಲೇಬೇಕು
ಸಿಗಡಿ ರೇಟ್ ಎಷ್ಟಿದೆ ಈಗ

ನಿರ್ವಾಹಕ
ಮೀನಿನ ರೇಟಿಗೆ ಬೇರೆ ಕಡೆ ಹೋಗಿ ದಯವಿಟ್ಟು. ಇದು ಶಾಲೆಯ ಮಾತು.

ತಂಬುಳಿ
ಶಾಲೆಯ ಮಾತೇ ಆಡುತ್ತೇನೆ. 2019ರ ಡಿಸೆಂಬರ್ 26ರ ಸೂರ್ಯಗ್ರಹಣ ನೆನಪಿದೆಯಾ? ನಮ್ಮ ಕಡೆ ಪೂರ್ತಿ ಉಂಗುರ ಇರಲಿಲ್ಲ, ಆದರೂ ಮುಕ್ಕಾಲಿಗಿಂತ ಹೆಚ್ಚು ಮುಚ್ಚಿತ್ತು. ಅತ್ತೆ ಬೆಳಿಗ್ಗೆಯೇ ನೀರಿಗೆಲ್ಲ ತುಳಸಿ ಹಾಕಿ ಬಾಗಿಲು ಹಾಕಿದ್ದರು. ಮಗ ಆಗ ನಾಲ್ಕನೇ ತರಗತಿ. ಶಾಲೆಗೆ ಬಂದವರು ಏಳೇ ಮಕ್ಕಳಂತೆ. ಇವನು ಹೇಗೋ ತಪ್ಪಿಸಿಕೊಂಡು ಹೋಗಿದ್ದ. ಅವರ ಟೀಚರ್ ಆ ಏಳು ಮಕ್ಕಳನ್ನು ಮಾವಿನ ಮರದ ಕೆಳಗೆ ನಿಲ್ಲಿಸಿ ಮೇಲೆ ನೋಡಬೇಡಿ, ನೆಲ ನೋಡಿ ಎಂದರಂತೆ. ಎಲೆ ಸಂದಿಯಿಂದ ಬಿದ್ದ ಬೆಳಕೆಲ್ಲ ಕುಡುಗೋಲಿನ ಹಾಗೆ ಬಾಗಿತ್ತಂತೆ. ಸಾವಿರ ಸೂರ್ಯ. ಮನೆಗೆ ಬಂದು ಅಜ್ಜಿಗೆ ಹೇಳಿದ. ನಾನು ಈಗ ಜಗಳ ಆಗುತ್ತದೆ ಅಂದುಕೊಂಡೆ. ಅತ್ತೆ, "ಹೌದಾ? ನಮ್ಮ ಹಂಚಿನ ಸಂದಿಯಿಂದಲೂ ಹಾಗೇ ಬಿತ್ತು, ಎಂತದು ಅಂತ ನೋಡುತ್ತಾ ಇದ್ದೆ" ಎಂದರು!

ಆ ಟೀಚರ್ ಮನೆಯವರ ಆಚಾರದ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಅದು ನನಗೆ ಸೇರಿತು.

ಹೊನ್ನಾವರದವ, ಸದ್ಯ ಬೆಂಗಳೂರು
ಇದು ನನಗೆ ಸೇರಲಿಲ್ಲ. ಸಂವಿಧಾನದ 51ಎ ವಿಧಿಯಲ್ಲೇ ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಕರ್ತವ್ಯ ಅಂತ ಬರೆದಿದೆ. ಟೀಚರೇ ಬಾಯಿ ಮುಚ್ಚಿಕೊಂಡಿದ್ದರೆ ಹೇಳುವವರು ಯಾರು? ತುಳಸಿ ಹಾಕಿದರೆ ಏನೂ ಆಗಲ್ಲ ಅಂತ ನೇರ ಹೇಳಬೇಕು.

ತಂಬುಳಿ
ನೇರ ಹೇಳಿದ್ದರೆ ಮರುದಿನ ಆ ಏಳೂ ಜನ ಇರುತ್ತಿರಲಿಲ್ಲ ಸ್ವಾಮಿ. ಈಗ ನಮ್ಮ ಅತ್ತೆ ಹಂಚಿನ ಸಂದಿ ನೋಡುತ್ತಿದ್ದಾರೆ. ನಿಮ್ಮ 51ಎ ಓದಿದ್ದರೆ ನೋಡುತ್ತಿದ್ದರಾ?

ಬೆಟ್ಟದ ಮೇಷ್ಟ್ರು
ಅಡ್ಡಿಲ್ಲ. ಇಬ್ಬರದೂ ಒಂದಿಷ್ಟು ಸರಿ. ಹೇಳಲೇಬೇಕಾದ ಹೊತ್ತು ಬರುತ್ತದೆ, ಹಾವು ಕಚ್ಚಿದಾಗ ಮಂತ್ರದವನ ಹತ್ತಿರ ಒಯ್ಯುವ ವಿಷಯದಲ್ಲಿ ನಾನು ಯಾವತ್ತೂ ನಯವಾಗಿ ಮಾತಾಡಿದವನಲ್ಲ. ತುಳಸಿ ಎಲೆಗೆ ಅಷ್ಟು ಅವಸರ ಇಲ್ಲ.

ಆಕಾಶದ ಮಾತು ಬಂತಲ್ಲ, ಒಂದು ಸಂಕಟ ಹೇಳಿಕೊಳ್ಳುತ್ತೇನೆ. ನಮ್ಮ ಜಿಲ್ಲೆಯಲ್ಲಿ ಸೂರ್ಯ ನೆತ್ತಿಯ ಮೇಲೆ ಸರಿಯಾಗಿ ಬಂದು ನೆರಳೇ ಇಲ್ಲವಾಗುವ ದಿನ ವರ್ಷಕ್ಕೆ ಎರಡು ಸಲ ಬರುತ್ತದೆ. ಒಂದು ಏಪ್ರಿಲ್ ಕೊನೆಗೆ, ಆಗ ಶಾಲೆಗೆ ರಜೆ. ಇನ್ನೊಂದು ಆಗಸ್ಟ್ ಎರಡನೇ ವಾರ, ಆಗ ನಮ್ಮ ಶಿರಸಿಯ ಮಳೆ. 34 ವರ್ಷದಲ್ಲಿ ಒಮ್ಮೆಯೂ ಮಕ್ಕಳಿಗೆ ತೋರಿಸಲು ಆಗಲಿಲ್ಲ.

ಪಾತಿದೋಣಿ
ನನ್ನದೊಂದು ಪ್ರಶ್ನೆ ಇದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು, ತಪ್ಪು ತಿಳಿಯಬೇಡಿ. ಚಂದ್ರ ನೀರು ಎಳೆಯುತ್ತಾನೆ ಅಂತ ಎಲ್ಲರೂ ಹೇಳುತ್ತಾರೆ. ಚಂದ್ರ ಒಂದೇ ಕಡೆ ಇರುತ್ತಾನಲ್ಲ. ಹಾಗಾದರೆ ದಿನಕ್ಕೆ ಒಂದೇ ಭರತಿ ಬರಬೇಕಿತ್ತು. ಎರಡು ಯಾಕೆ ಬರುತ್ತದೆ?

ಪಾಸಾಗ್ಲೇಬೇಕು
ಒಂದು ಚಂದ್ರನಿಂದ, ಒಂದು ಸೂರ್ಯನಿಂದ.

ಹೊನ್ನಾವರದವ, ಸದ್ಯ ಬೆಂಗಳೂರು
ಅಲ್ಲ ಮಾರಾಯಾ. ಇದನ್ನು ಎಲ್ಲಾದರೂ ಗುರುತು ಹಾಕಿ ಬಂದೀಯ.

ಪಾತಿದೋಣಿ ಅವರೇ, ನಿಮ್ಮ ಪ್ರಶ್ನೆ ಬಹಳ ಒಳ್ಳೆಯದು. ನಾನು ಇಂಜಿನಿಯರಿಂಗ್‌ವರೆಗೂ ಇದನ್ನು ಕೇಳಿಕೊಂಡಿರಲಿಲ್ಲ. ಚಂದ್ರನಿಗೆ ಹತ್ತಿರ ಇರುವ ಕಡೆಯ ನೀರಿಗೆ ಎಳೆತ ಜಾಸ್ತಿ. ಭೂಮಿಯ ನಡುವಿಗೆ ಅದಕ್ಕಿಂತ ಕಮ್ಮಿ. ಚಂದ್ರನಿಗೆ ದೂರದ ಆಚೆ ಕಡೆಯ ನೀರಿಗೆ ಇನ್ನೂ ಕಮ್ಮಿ. ಮೂವರು ಓಡುತ್ತಿದ್ದಾರೆ ಅಂದುಕೊಳ್ಳಿ, ಮುಂದಿನವನು ಜೋರು, ನಡುವಿನವನು ಸಾಧಾರಣ, ಹಿಂದಿನವನು ನಿಧಾನ. ನಡುವಿನವನು ನೋಡಿದರೆ ಮುಂದಿನವನು ಮುಂದಕ್ಕೆ ಹೋದ ಹಾಗೂ ಕಾಣುತ್ತದೆ, ಹಿಂದಿನವನು ಹಿಂದಕ್ಕೆ ಸರಿದ ಹಾಗೂ ಕಾಣುತ್ತದೆ. ಹಾಗೆ ಎರಡೂ ಕಡೆ ನೀರು ಉಬ್ಬುತ್ತದೆ, ಭೂಮಿ ತಿರುಗುವಾಗ ನಮ್ಮ ಊರು ಎರಡನ್ನೂ ಹಾಯುತ್ತದೆ. ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಚಂದ್ರನೂ ಸ್ವಲ್ಪ ಮುಂದೆ ಹೋಗಿರುತ್ತಾನೆ, ಅವನನ್ನು ಹಿಡಿಯಲು ಇನ್ನೂ 50 ನಿಮಿಷ ಬೇಕು. ನೀರು ಉಬ್ಬಿಸುವುದರಲ್ಲಿ ಸೂರ್ಯನ ಪಾಲೂ ಸೇರುತ್ತದೆ, ಆದರೆ ಚಂದ್ರನದರ ಅರ್ಧಕ್ಕಿಂತ ಕಮ್ಮಿ. ಅಮಾವಾಸ್ಯೆ, ಹುಣ್ಣಿಮೆಗೆ ಇಬ್ಬರೂ ಕೂಡಿ ಎಳೆಯುತ್ತಾರೆ, ಅದಕ್ಕೇ ಆಗ ನೀರು ದೊಡ್ಡದು.

ಪಾತಿದೋಣಿ
ಮೂವರು ಓಡುವುದು ಗೊತ್ತಾಯಿತು. ಥ್ಯಾಂಕ್ಸ್. ಅಮಾವಾಸ್ಯೆ ನೀರು ದೊಡ್ಡದು ಅಂತ ನಮಗೆ ಮೊದಲೇ ಗೊತ್ತಿತ್ತು, ಯಾಕೆ ಅಂತ ಇವತ್ತು.

ಸೀಮೆಸುಣ್ಣ
ಹೊನ್ನಾವರದವರೇ, ಗಮನಿಸಿದಿರಾ? ನಿಮ್ಮ ವಿವರಣೆ ಅವರಿಗೆ ಒಂದೇ ಸಲಕ್ಕೆ ಇಳಿಯಿತು. ಯಾಕೆಂದರೆ ಅವರು ಜೀವಮಾನ ಪೂರ್ತಿ ಭರತಿ ನೋಡಿದವರು, ಪ್ರಶ್ನೆ ಅವರದೇ. ಘಟ್ಟದ ಮೇಲಿನ ನನ್ನ 31 ಮಕ್ಕಳಿಗೆ ಇದನ್ನೇ ಹೇಳಿದರೆ ಒಂದೂ ಇಳಿಯುವುದಿಲ್ಲ, ಅವರಲ್ಲಿ ಅರ್ಧ ಜನ ಕಡಲೇ ನೋಡಿಲ್ಲ. ಅವರಿಗೆ ಕಾಡು ಗೊತ್ತು. ಅಂಕೋಲೆ ಹೊನ್ನಳ್ಳಿಯ ತುಳಸಿ ಗೌಡರು ಶಾಲೆಗೇ ಹೋದವರಲ್ಲ, ಯಾವ ತಾಯಿಮರದಿಂದ ಯಾವಾಗ ಬೀಜ ತೆಗೆಯಬೇಕು ಅಂತ ಅವರಿಗೆ ಗೊತ್ತಿತ್ತು. ಪದ್ಮಶ್ರೀ ಬಂತು. ಅಂಥ ಅಜ್ಜಿಯರು ನಮ್ಮ ಊರಲ್ಲೂ ಇಬ್ಬರು ಇದ್ದಾರೆ. ಅವರಿಗೆ ಪದ್ಮಶ್ರೀ ಬಿಡಿ, ನಾನು ಶಾಲೆಗೆ ಒಂದು ದಿನ ಬನ್ನಿ ಅಂತಲೂ ಕರೆದಿಲ್ಲ.

ಹೊನ್ನಾವರದವ, ಸದ್ಯ ಬೆಂಗಳೂರು
ಹ್ಞಾಂ, ಅದು ಒಪ್ಪಿದೆ. ಆದರೆ ವಿವರಣೆ ಬೇಕಾಯಿತು ಅನ್ನುವುದನ್ನೂ ನೀವು ಒಪ್ಪಬೇಕು.

ಸೀಮೆಸುಣ್ಣ
ಒಪ್ಪಿದೆ. ಬಂಗಡೆ ಸಾರಿಗೆ ಕರೆದರೆ ಇನ್ನೂ ಜಾಸ್ತಿ ಒಪ್ಪುತ್ತೇನೆ.

ಕಡಲೂರ ಹುಡುಗಿ
ಹನ್ನೆರಡು ದಿನ ಆಯಿತು, ಬರೆಯಲು ಆಗಲಿಲ್ಲ. ಎಲ್ಲರ ಮಾತೂ ಓದಿದೆ.

ಮರುದಿನವೇ ಕ್ಲಾಸಿನಲ್ಲಿ ಹೇಳಿದೆ. ನಿನ್ನೆ ನಾನು ಹೇಳಿದ್ದು ತಪ್ಪು, ಇವನು ಹೇಳಿದ್ದು ಸರಿ ಅಂತ. ಯಾರೂ ತಲೆ ಮೇಲೆ ಕೂರಲಿಲ್ಲ. ಆ ಹುಡುಗನಿಗೆ ಖುಷಿ ಆಗುತ್ತದೆ ಅಂದುಕೊಂಡಿದ್ದೆ, ಅವನು ನಾಚಿ ಬೆಂಚಿನ ಕೆಳಗೆ ಏನೋ ಬಿದ್ದ ಹಾಗೆ ಹುಡುಕಿದ. ಒಬ್ಬಳು ಮಾತ್ರ, "ಟೀಚರ್, ಹಾಗಾದರೆ ಪುಸ್ತಕದ್ದು?" ಅಂತ ಕೇಳಿದಳು. ಪುಸ್ತಕ ಸರಿ ಇದೆ, ತಪ್ಪಿದ್ದು ನಾನು ಎಂದೆ. ಹೇಳುವಾಗ ಬೆವರು ಬಂತು, ಸುಳ್ಳು ಯಾಕೆ.

ಆಮೇಲೆ ಹಿರಿಯ ಶಿಕ್ಷಕರ ಒಪ್ಪಿಗೆ ಕೇಳಿ ಅಮಾವಾಸ್ಯೆಯಿಂದ ಲೆಕ್ಕ ಶುರು ಮಾಡಿದೆವು. ಅವರೂ ಬಂದರು, ಮಕ್ಕಳನ್ನು ನೀರಿನ ಹತ್ತಿರ ಬಿಡಬಾರದು ಅಂತ. ಶಾಲೆ ಹಿಂದೆ ದೋಣಿ ನಿಲ್ಲುವ ಧಕ್ಕೆಗೆ ಮೆಟ್ಟಿಲು ಇದೆ. ಮೇಲೇ ನಿಂತು ಎಷ್ಟು ಮೆಟ್ಟಿಲು ಮುಳುಗಿದೆ ಎಣಿಸುವುದು, ತುಂಬಿದ ಹೊತ್ತು ಬರೆಯುವುದು. ಮೊದಲ ದಿನವೇ ಜಗಳ. ನೀರು ತುದಿಗೆ ಬಂದ ಮೇಲೆ ಸುಮಾರು ಹೊತ್ತು ಹಾಗೇ ನಿಂತಿರುತ್ತದೆ. "ತುಂಬಿತು" ಅಂತ ಬರೆಯುವುದು ಯಾವಾಗ? ನನ್ನ ಪಾಠದ ಯೋಜನೆಯಲ್ಲಿ ಇದು ಇರಲಿಲ್ಲ. ಒದ್ದೆ ಗೆರೆ ಮೇಲಕ್ಕೆ ಹೋಗುವುದು ನಿಂತ ಹೊತ್ತು, ಮತ್ತೆ ಒಣಗಲು ಶುರುವಾದ ಹೊತ್ತು, ಎರಡರ ನಡುವಿನದು ಅಂತ ಮಕ್ಕಳೇ ತೀರ್ಮಾನ ಮಾಡಿದರು. ಭಾನುವಾರ ಆ ಹುಡುಗ ಅಪ್ಪನನ್ನು ಕರೆದುಕೊಂಡು ಹೋಗಿ ಬರೆದುಕೊಂಡು ಬಂದ.

ಈಗ ನನ್ನ ಸಮಸ್ಯೆ. ದಿನಕ್ಕೆ 50 ನಿಮಿಷ ಮುಂದೆ ಹೋಗಬೇಕಲ್ಲ. ಮೊದಲ ದಿನಗಳಲ್ಲಿ 36, 40, 38, 45 ಬಂತು. ಆಮೇಲೆ 52. ಕೊನೆಯ ಎರಡು ದಿನ 68, 75. ಭಾನುವಾರದವನು ಮನೆಯಲ್ಲೇ ಕೂತು ಸುಳ್ಳು ಬರೆದ ಅಂತ ಉಳಿದವರು ಅವನ ಮೇಲೆ ಹಾರಿದರು. ಕೊನೆಯ ಎರಡು ದಿನ ನಾನೇ ಅಲ್ಲಿದ್ದೆ, ಸುಳ್ಳಲ್ಲ. ಯಾಕೆ ಹೀಗೆ ಅಂತ ಕೇಳಿದರು. ಈ ಸಲ ಗಾಳಿ ಅನ್ನಲಿಲ್ಲ. ಗೊತ್ತಿಲ್ಲ, ಕೇಳಿಕೊಂಡು ಬರುತ್ತೇನೆ ಎಂದೆ.

ನಿಲುವಿನ ಪ್ರಬಂಧ ಕೊಟ್ಟೆ. ಒಂದೂವರೆ ಪುಟ ಆಯಿತು ಅಷ್ಟೇ. ಭರತಿ ಶಬ್ದದ ಕಥೆ, ಮೇಷ್ಟ್ರ ಹಲಸಿನ ಮರದ ಪ್ರಶ್ನೆ, ಮೊದಲು ಕೇಳುತ್ತೇನೆ, ಆಮೇಲೆ ಅಳೆಯುತ್ತೇವೆ, ಆಮೇಲೆ ವಿವರಿಸುತ್ತೇನೆ ಅನ್ನುವುದು, ಮತ್ತೆ ಇದನ್ನು 31 ಮಕ್ಕಳು ಇಬ್ಬರು ಟೀಚರು ಇರುವಲ್ಲಿ ಹೇಗೆ ಮಾಡುವುದು ಅಂತ ನನಗೆ ಇನ್ನೂ ಗೊತ್ತಿಲ್ಲ ಅನ್ನುವುದು. "ಪುಟ ಕಡಿಮೆ ಇದೆ, ಶಿಕ್ಷಣತಜ್ಞರ ಹೆಸರು ಸೇರಿಸಿ" ಅಂತ ವಾಪಸ್ ಬಂದಿದೆ.

ಪಾಸಾಗ್ಲೇಬೇಕು
ಹೇಳಿದ್ದೆ ಅಲ್ವಾ. ಪಿಯಾಜೆ ಒಂದು ಪುಟ.

ಬೆಟ್ಟದ ಮೇಷ್ಟ್ರು
ಸೇರಿಸಿಬಿಡು ತಂಗಿ, ಪಿಯಾಜೆಯೂ ಒಳ್ಳೆಯವನೇ. ಅವನೂ ಮಕ್ಕಳ ಜೊತೆ ಕೂತು ಪ್ರಶ್ನೆ ಕೇಳಿದವನು. 68, 75ಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ನಾನು ಘಟ್ಟದವನು.

ಪಾತಿದೋಣಿ
ಅದು ಸರಿಯೇ ಇದೆ. ಅಷ್ಟಮಿ ಹತ್ತಿರ ಬಂದಾಗ ನೀರು ಸೋಮಾರಿ ಆಗುತ್ತದೆ. ತುಂಬುವುದೂ ಕಮ್ಮಿ, ಬರುವುದೂ ತಡ. ಎಷ್ಟು ಮೆಟ್ಟಿಲು ಮುಳುಗಿತ್ತು ನೋಡಿ, ಅಮಾವಾಸ್ಯೆಗಿಂತ ಕಮ್ಮಿ ಇರಬೇಕು.

ಕಡಲೂರ ಹುಡುಗಿ
ಹೌದು!! ಮೂರು ಮೆಟ್ಟಿಲು ಕಮ್ಮಿ. ಅದನ್ನು ಬರೆದಿದ್ದೇವೆ, ಆದರೆ ಎರಡನ್ನೂ ಕೂಡಿಸಿ ನೋಡಿರಲಿಲ್ಲ.

ಹೊನ್ನಾವರದವ, ಸದ್ಯ ಬೆಂಗಳೂರು
ಅವರು ಹೇಳಿದ್ದು ಸರಿ. 50 ನಿಮಿಷ ಅನ್ನುವುದು ಸರಾಸರಿ. ಅರ್ಧ ಚಂದ್ರ ಇರುವಾಗ ಸೂರ್ಯ ಒಂದು ಕಡೆ, ಚಂದ್ರ ಅದಕ್ಕೆ ಅಡ್ಡ ಎಳೆಯುತ್ತಾನೆ, ಹಾಗಾಗಿ ದೊಡ್ಡ ನೀರಿನ ದಿನಗಳಲ್ಲಿ ತಡ ಕಮ್ಮಿ, ಸಣ್ಣ ನೀರಿನ ದಿನಗಳಲ್ಲಿ ತಡ ಜಾಸ್ತಿ. ನಿಮ್ಮ ಮಕ್ಕಳು ಧಕ್ಕೆ ಮೆಟ್ಟಿಲ ಮೇಲೆ ನಿಂತು ಇದನ್ನು ಹಿಡಿದರು ಅಂದರೆ ನನಗೆ ನಂಬಲು ಕಷ್ಟ. ಆ ಲೆಕ್ಕದ ಫೋಟೋ ಹಾಕಿ ಪ್ಲೀಸ್.

ಕಡಲೂರ ಹುಡುಗಿ
ನಾಳೆ ಹಾಕುತ್ತೇನೆ, ಪುಸ್ತಕ ಮಕ್ಕಳ ಹತ್ತಿರ ಇದೆ. ಪಾತಿದೋಣಿ ಅವರೇ, ನೀವು ಕಾರವಾರದವರೇ ಅಲ್ವಾ? ಈ ಸೋಮಾರಿ ನೀರಿನ ಮಾತನ್ನು ಒಂದು ದಿನ ಬಂದು ಮಕ್ಕಳಿಗೆ ನೀವೇ ಹೇಳುತ್ತೀರಾ? ಶಾಲೆ ಯಾವುದು ಅಂತ ಬೇರೆ ಮೆಸೇಜಿನಲ್ಲಿ ತಿಳಿಸುತ್ತೇನೆ.

ಪಾತಿದೋಣಿ
ಶಾಲೆಗಾ? ನಾನಾ?

ತಂಬುಳಿ
ಹೋಗಿ ಬನ್ನಿ ಮಾರಾಯರೇ.

ಪಾತಿದೋಣಿ
ಅಡ್ಡಿಲ್ಲ. ಮುಂದಿನ ಬುಧವಾರ ಬರುತ್ತೇನೆ. ಎಷ್ಟು ಹೊತ್ತಿಗೆ ಅಂತ ಭರತಿ ನೋಡಿ ಹೇಳುತ್ತೇನೆ.